ತುಪ್ಪ ಬಿಟ್ಟರೆ ಅಮ್ಮನ ಕೀಲುನೋವು ಕಡಿಮೆ ಆಗುತ್ತಾ?

ಪ್ರಶ್ನೆ: ನನ್ನ ಅಮ್ಮನಿಗೆ 54 ವರ್ಷ. ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ (ಒಂದು ಬಗೆಯ ಸಂಧಿವಾತ) ಇದೆ. ಬಿಪಿಗೂ ಮಾತ್ರೆ ತಗೊಳ್ತಾರೆ. ಮೆಥೊಟ್ರೆಕ್ಸೇಟ್ ಒಂದೇ ಸಾಲದೆ ಮೂರು ತಿಂಗಳ ಹಿಂದೆ ಟೋಫಾಸಿಟಿನಿಬ್ ಶುರು ಮಾಡಿದರು. ಬೆರಳಿನ ಊತ ಇಳಿದಿದೆ, ಬೆಳಗಿನ ಹೊತ್ತಿನ ಬಿಗಿತವೂ ಕಡಿಮೆಯಾಗಿದೆ. ಆದರೆ ಎಲ್‌ಡಿಎಲ್ ಕೊಲೆಸ್ಟ್ರಾಲ್ 98ರಿಂದ 114ಕ್ಕೆ ಏರಿದೆ. ರಿಪೋರ್ಟಿನಲ್ಲಿ ‘ಹೈ’ ಅಂತ ಬಂದಿದೆ. ಸೋದರಮಾವ ಮಾತ್ರೆ ನಿಲ್ಲಿಸಿ ಅಂತಾರೆ. ಅಷ್ಟರಲ್ಲಿ ‘ರೋಗನಿರೋಧಕ ಕೋಶಗಳನ್ನು ಆಡಿಸುವುದೇ ಕೊಬ್ಬು’ ಎಂದು ಹೇಳುವ ವಿಡಿಯೊ ನೋಡಿ ಅಮ್ಮ ತುಪ್ಪ, ತೆಂಗಿನಕಾಯಿ ಎರಡನ್ನೂ ಬಿಟ್ಟಿದ್ದಾರೆ. ಇದು ನಿಜವಾ? ನಾವು ಮೀನು ತಿನ್ನುವವರಲ್ಲ. ಅಗಸೆ ಬೀಜ ಸಾಕಾ? (ಓದುಗರು, ಹಾಸನ)

ಉತ್ತರ: ಅವಸರದ ಮಾತನ್ನು ಮೊದಲು ಮುಗಿಸಿಬಿಡೋಣ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಟೋಫಾಸಿಟಿನಿಬ್ ಶುರು ಮಾಡಿದವರಲ್ಲಿ ಎಲ್‌ಡಿಎಲ್ ಇಷ್ಟು ಏರುವುದು ಮಾಮೂಲು. ಯಾಕೆ ಏರುತ್ತದೆ ಎಂಬುದು ಸ್ವಾರಸ್ಯದ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಮಾವನವರ ಆತಂಕ ಪೂರ್ತಿ ತಪ್ಪು ಅಂತಲೂ ಹೇಳಲಾರೆ. ಅಮ್ಮನ ಹೃದಯದ ಬಗ್ಗೆ ಯೋಚಿಸಬೇಕು. ಆದರೆ ಆ ಯೋಚನೆ ಶುರುವಾಗಬೇಕಾದ್ದು 114 ಎಂಬ ಅಂಕಿಯಿಂದ ಅಲ್ಲ.

ಇನ್ನು ವಿಡಿಯೊ. ಅದು ಹೇಳಿದ್ದರಲ್ಲಿ ಅರ್ಧ ನಿಜ. ಕೊಬ್ಬಿನ ಅಣುಗಳು ರೋಗನಿರೋಧಕ ಕೋಶಗಳಿಗೆ ಅಪ್ಪಣೆ ಕೊಡುತ್ತವೆ. ಎಲ್ಲಿಗೆ ಹೋಗಬೇಕು, ಯಾವಾಗ ಕೆರಳಬೇಕು, ಯಾವಾಗ ತಣ್ಣಗಾಗಬೇಕು ಎಂಬುದನ್ನು ತಿಳಿಸುತ್ತವೆ. ಉಳಿದರ್ಧದಲ್ಲಿ ಅವರು ಎಡವಿದ್ದಾರೆ. ಅಪ್ಪಣೆ ಕೊಡುವ ಈ ಕೊಬ್ಬು ತಟ್ಟೆಯಿಂದ ನೇರವಾಗಿ ಹೋಗಿ ಆ ಕೆಲಸಕ್ಕೆ ಕೂರುವುದಿಲ್ಲ. ಕೋಶಗಳೇ ಅದನ್ನು ಬೇಕಾದ ಜಾಗದಲ್ಲಿ, ಬೇಕಾದ ಕ್ಷಣದಲ್ಲಿ ತಯಾರಿಸಿಕೊಳ್ಳುತ್ತವೆ. ಬಹುಪಾಲು ಅಣುಗಳು ಸೆಕೆಂಡು, ನಿಮಿಷಗಳಲ್ಲಿ ಹಾಳಾಗಿಹೋಗುತ್ತವೆ. ಅಮ್ಮನ ಲಿಪಿಡ್ ಪ್ರೊಫೈಲ್‌ನಲ್ಲಿ ಇವು ಯಾವುವೂ ಕಾಣುವುದಿಲ್ಲ. ಹಾಗಾಗಿ ಎಣ್ಣೆ ಬದಲಿಸಿದರೆ ಸಿಗುವ ಫಲ ಚಿಕ್ಕದು. ಈ ಅಣುಗಳನ್ನು ಮಾಡುವ ಕಿಣ್ವವನ್ನೋ, ಅವು ಕೂರುವ ಗ್ರಾಹಕವನ್ನೋ ಹಿಡಿದ ಔಷಧಿಗಳ ಫಲ ದೊಡ್ಡದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉದ್ದವಾಗುತ್ತದೆ, ಆದರೆ ನಿಮ್ಮ ಎಲ್ಲ ಪ್ರಶ್ನೆಗಳಿಗೂ ಉತ್ತರ ಇದರಲ್ಲೇ ಇದೆ.

ಅಮ್ಮನ ಕಾಯಿಲೆಯಲ್ಲಿ ದೇಹವನ್ನು ಕಾಯಬೇಕಾದ ಕೋಶಗಳು ಕೀಲಿನ ಒಳಪದರದ ಮೇಲೆಯೇ ಬಿದ್ದಿವೆ. ಟಿ ಕೋಶ, ಬಿ ಕೋಶ, ಮ್ಯಾಕ್ರೊಫೇಜ್, ನ್ಯೂಟ್ರೊಫಿಲ್ ಎಲ್ಲವೂ ಅಲ್ಲಿ ಸೇರಿರುತ್ತವೆ. ಈ ಕೋಶಗಳ ಪೊರೆ ಕೊಬ್ಬಿನಿಂದಲೇ ಆದದ್ದು. ಆ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ 20 ಇಂಗಾಲದ ಕೊಬ್ಬಿನಾಮ್ಲ ಸಿಕ್ಕಿಸಿಟ್ಟಂತೆ ಇರುತ್ತದೆ. ಕೋಶ ಕೆರಳಿದಾಗ ಫಾಸ್ಫೊಲೈಪೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿ ಹೊರಗೆ ತೆಗೆಯುತ್ತದೆ. ಅಲ್ಲಿಂದ ಎರಡು ದಾರಿ. ಕಾಕ್ಸ್ ಎಂಬ ಕಿಣ್ವದ ಕೈಗೆ ಸಿಕ್ಕರೆ ಪ್ರೊಸ್ಟಗ್ಲಾಂಡಿನ್ ಆಗುತ್ತದೆ. ಲೈಪಾಕ್ಸಿಜಿನೇಸ್ ಕೈಗೆ ಸಿಕ್ಕರೆ ಲ್ಯೂಕೊಟ್ರೈನ್ ಆಗುತ್ತದೆ. ಆಸ್ಪಿರಿನ್ ಕೆಲಸ ಮಾಡುವುದು ಮೊದಲ ದಾರಿಯನ್ನು ಮುಚ್ಚಿ. ಇದನ್ನು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಅವರಿಗೂ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಸ್ಯಾಮುಯೆಲ್ಸನ್ ಅವರಿಗೂ ನೊಬೆಲ್ ಬಂತು. ನೋವು ಜಾಸ್ತಿಯಾದಾಗ ಈ ಕಾಯಿಲೆಯವರು ನುಂಗುವ ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್ ಕೂಡ ಇದೇ ಬಾಗಿಲನ್ನು ಮುಚ್ಚುವಂಥವು.

ಲ್ಯೂಕೊಟ್ರೈನ್‌ಗಳಲ್ಲಿ ಬಿ4 ಎಂಬುದೊಂದಿದೆ. ನ್ಯೂಟ್ರೊಫಿಲ್‌ಗಳನ್ನು ಕರೆತರುವುದರಲ್ಲಿ ಇದನ್ನು ಮೀರಿಸುವವರು ಕಡಿಮೆ. ಮೊದಲು ಬಂದ ನ್ಯೂಟ್ರೊಫಿಲ್ ಇದನ್ನು ಬಿಡುತ್ತದೆ. ಅದರ ಸುಳಿವು ಹಿಡಿದು ಬಂದವು ತಾವೂ ಬಿಡುತ್ತವೆ. ಹೀಗೆ ಒಂದರ ಕೂಗು ಇನ್ನೊಂದಕ್ಕೆ ದಾಟಿ, ನೋಡನೋಡುತ್ತಿದ್ದಂತೆ ಅಲ್ಲಿ ಗುಂಪೇ ಕಟ್ಟುತ್ತದೆ. ಇಲಿಗಳಲ್ಲಿ ಈ ಅಣುವಿನ ಗ್ರಾಹಕವನ್ನು ತೆಗೆದುಹಾಕಿದರೆ ಕೆಲವು ಬಗೆಯ ಸಂಧಿವಾತ ಬರುವುದೇ ಇಲ್ಲ.

ಹಾಗಾದರೆ ಈ ಅಣುಗಳು ಕೆಟ್ಟವು, ಅಡಗಿಸಿಬಿಟ್ಟರೆ ಆಯ್ತು ಅಲ್ವಾ? ಅಷ್ಟು ಸುಲಭ ಇಲ್ಲ. ಪ್ರೊಸ್ಟಗ್ಲಾಂಡಿನ್ ಇ2 ನೋಡಿ. ಕೀಲು ಬಿಸಿಯಾಗಿ, ಕೆಂಪಾಗಿ, ನೋಯುವುದರಲ್ಲಿ ಇದರ ಪಾಲು ದೊಡ್ಡದು. ಟಿಎಚ್17 ಎಂಬ ಕೆರಳುಬುದ್ಧಿಯ ಟಿ ಕೋಶಗಳನ್ನು ಬೆಳೆಸುವುದರಲ್ಲೂ ಇದರ ಕೈ ಇದೆ. ಆದರೆ ಬೇರೆ ಟಿ ಕೋಶಗಳ ಹುರುಪನ್ನು ಇದೇ ಅಣು ತಗ್ಗಿಸುತ್ತದೆ. ಇನ್ನೂ ಸೋಜಿಗದ ವಿಷಯ 2001ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಸೆರ್ಹಾನ್ ಅವರ ತಂಡ ತೋರಿಸಿದ್ದು. ಉರಿಯೂತ ಒಂದು ಹಂತ ಮುಟ್ಟಿದ ಮೇಲೆ, ಈ ಇ2 ಅಣುವೇ ನ್ಯೂಟ್ರೊಫಿಲ್‌ಗಳಿಗೆ ‘ಸಾಕು, ಇನ್ನು ಲ್ಯೂಕೊಟ್ರೈನ್ ಬೇಡ, ಲಿಪಾಕ್ಸಿನ್ ಮಾಡಿ’ ಎಂದು ಹೇಳುತ್ತದೆ. ಲಿಪಾಕ್ಸಿನ್ ಉರಿಯನ್ನು ಇಳಿಸುವ ಕೊಬ್ಬಿನಣು. ಅಂದರೆ ಉರಿ ಹಚ್ಚಿದ್ದರಲ್ಲೇ ಉರಿ ಆರಿಸುವ ಸೂಚನೆಯೂ ಇದೆ. ಮೀನೆಣ್ಣೆಯ ಒಮೆಗಾ-3ಯಿಂದ ಆಗುವ ರಿಸಾಲ್ವಿನ್ ಎಂಬ ಗುಂಪನ್ನೂ ಅವರೇ ಹೆಸರಿಸಿದರು. ಈ ರಿಸಾಲ್ವಿನ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಎಚ್ಚರದಿಂದ ಇದ್ದೇನೆ. ಇಲಿಗಳಲ್ಲಿ ಫಲ ಚೆನ್ನಾಗಿದೆ. ಮನುಷ್ಯರ ದೇಹದಲ್ಲಿ ಇವು ಕೆಲಸ ಮಾಡುವಷ್ಟು ಪ್ರಮಾಣದಲ್ಲಿ ಇರುತ್ತವಾ, ಅಳೆದ ಅಳತೆ ಸರಿಯಾ ಎಂದು ಲಿಪಿಡ್ ಅಳೆಯುವ ಪರಿಣತರೇ ತಕರಾರು ತೆಗೆದಿದ್ದಾರೆ. ‘ರಿಸಾಲ್ವಿನ್ ಹೆಚ್ಚಿಸುವ ಕ್ಯಾಪ್ಸೂಲ್’ ಎಂಬ ಜಾಹೀರಾತು ಕಂಡರೆ ಪರ್ಸ್ ಮುಟ್ಟಬೇಡಿ.

ಅಮ್ಮ ಯಾವಾಗಲಾದರೂ ವೈಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತಗೊಂಡಿರಬಹುದು. ಈ ಕಾಯಿಲೆಯವರಲ್ಲಿ ಅದನ್ನು ನುಂಗದವರು ಅಪರೂಪ. ಅದೂ ಒಂದು ಲಿಪಿಡ್. ಅಡ್ರಿನಲ್ ಗ್ರಂಥಿ ಕೊಲೆಸ್ಟ್ರಾಲ್‌ನಿಂದ ಮಾಡುವ ಕಾರ್ಟಿಸಾಲ್‌ನ ಹತ್ತಿರದ ನೆಂಟ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು 1929ರಿಂದಲೇ ಒಂದು ವಿಷಯ ಗಮನಿಸುತ್ತಿದ್ದರು. ಕಾಮಾಲೆ ಬಂದಾಗ, ಬಸಿರಾದಾಗ ಸಂಧಿವಾತದವರ ನೋವು ತಾನಾಗಿ ಇಳಿಯುತ್ತದೆ. ದೇಹದೊಳಗೇ ಯಾವುದೋ ವಸ್ತು ಈ ಕೆಲಸ ಮಾಡುತ್ತಿರಬೇಕು ಎಂದು ಅವರು ಹುಡುಕುತ್ತಾ ಹೋದರು. 1948ರ ಸೆಪ್ಟೆಂಬರ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಬೇರ್ಪಡಿಸಿದ್ದ ಕಾರ್ಟಿಸೋನನ್ನು 29 ವರ್ಷದ ಒಬ್ಬ ಮಹಿಳೆಗೆ ಕೊಟ್ಟರು. ಹಾಸಿಗೆಯಿಂದ ಏಳಲು ಕಷ್ಟಪಡುತ್ತಿದ್ದವರು ಕೆಲವೇ ದಿನಗಳಲ್ಲಿ ಓಡಾಡಿದರು. 1950ರಲ್ಲಿ ಇವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೂ ನೊಬೆಲ್ ಸಿಕ್ಕಿತು. ಮುಂದೆ ಅದರ ಅಡ್ಡಪರಿಣಾಮಗಳೂ ಗೊತ್ತಾದವು. ತೂಕ, ಸಕ್ಕರೆ, ಮೂಳೆ ಸವೆತ. ಅದನ್ನು ನಿಮಗೆ ಹೊಸದಾಗಿ ಹೇಳಬೇಕಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಕೊಬ್ಬಿನಣುವಿನ ಬಗ್ಗೆ. ಅದರ ಹೆಸರು ಸ್ಫಿಂಗೊಸಿನ್-1-ಫಾಸ್ಫೇಟ್. ಎಸ್1ಪಿ ಅನ್ನೋಣ. ಅಮ್ಮನ ಕಾಯಿಲೆಗೆ ಇದರ ಮೇಲಿನ ಔಷಧಿಯನ್ನು ಕೊಡುವುದಿಲ್ಲ. ಆದರೂ ‘ಕೊಬ್ಬು ರೋಗನಿರೋಧಕ ಕೋಶವನ್ನು ಹೇಗೆ ಆಡಿಸುತ್ತದೆ’ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ಬೇರೆ ಎಲ್ಲೂ ಸಿಗುವುದಿಲ್ಲ.

ಟಿ ಕೋಶಗಳು ರಕ್ತದಲ್ಲಿ ಸುತ್ತುತ್ತಾ ಕತ್ತು, ಕಂಕುಳು, ತೊಡೆಸಂದಿಯಲ್ಲಿರುವ ದುಗ್ಧಗ್ರಂಥಿಗಳ ಒಳಗೆ ಹೋಗುತ್ತವೆ. ಅಲ್ಲಿ ಹೊಸ ಶತ್ರುವಿನ ಸುದ್ದಿ ಇದೆಯಾ ಎಂದು ನೋಡುತ್ತವೆ. ಇಲ್ಲದಿದ್ದರೆ ಕೆಲವು ಗಂಟೆಗಳ ನಂತರ ಹೊರಗೆ ಬರುತ್ತವೆ. ಹೊರಗಿನ ದಾರಿ ಅವಕ್ಕೆ ಹೇಗೆ ಗೊತ್ತಾಗುತ್ತದೆ? ಎಸ್1ಪಿಯಿಂದ. ಕೆಂಪು ರಕ್ತಕಣಗಳೂ ರಕ್ತನಾಳದ ಒಳಗೋಡೆಯ ಕೋಶಗಳೂ ಇದನ್ನು ಸತತವಾಗಿ ರಕ್ತಕ್ಕೆ ಬಿಡುತ್ತವೆ. ರಕ್ತದಲ್ಲಿ ಇದರ ಬಹುಪಾಲನ್ನು ಹೊತ್ತು ತಿರುಗುವುದು ಎಚ್‌ಡಿಎಲ್, ಅದೇ ಅಮ್ಮನ ರಿಪೋರ್ಟಿನಲ್ಲಿ ‘ಒಳ್ಳೆಯ ಕೊಲೆಸ್ಟ್ರಾಲ್’ ಅನ್ನಿಸಿಕೊಳ್ಳುವುದು. ದುಗ್ಧಗ್ರಂಥಿಯ ಒಳಗೆ ಮಾತ್ರ ಲಯೇಸ್ ಎಂಬ ಕಿಣ್ವ ಎಸ್1ಪಿಯನ್ನು ಒಡೆಯುತ್ತಲೇ ಇರುತ್ತದೆ. ಹಾಗಾಗಿ ಒಳಗೆ ತೀರಾ ಕಡಿಮೆ, ಹೊರಗೆ ಜಾಸ್ತಿ. ಟಿ ಕೋಶದ ಮೈಮೇಲೆ ಎಸ್1ಪಿ ಗ್ರಾಹಕ ಇರುತ್ತದೆ. ಎಲ್ಲಿ ಹೆಚ್ಚು ಇದೆಯೋ ಆ ಕಡೆಗೆ ಕೋಶ ಹರಿದು ಹೋಗುತ್ತದೆ. ಅಷ್ಟೇ. ಶತ್ರು ಕಂಡು ಕೆರಳಿದ ಕೋಶ ಮಾತ್ರ ಸಿಡಿ69 ಎಂಬ ಪ್ರೊಟೀನನ್ನು ತಯಾರಿಸಿ ತನ್ನ ಗ್ರಾಹಕವನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗ ಅದಕ್ಕೆ ಹೊರಗಿನ ಕರೆ ಕೇಳಿಸುವುದಿಲ್ಲ. ಅಲ್ಲೇ ನಿಂತು ಸಂಖ್ಯೆ ಹೆಚ್ಚಿಸಿಕೊಂಡು, ಕೆಲವು ದಿನದ ನಂತರ ಗ್ರಾಹಕವನ್ನು ಮತ್ತೆ ಹೊರಗೆ ಹಾಕಿ, ದಳ ಕಟ್ಟಿಕೊಂಡು ಹೊರಡುತ್ತದೆ.

ಇದೆಲ್ಲ ಗೊತ್ತಾದದ್ದು ಹಿಂದುಮುಂದಾಗಿ. ಮೊದಲು ಔಷಧಿ ಬಂತು, ಆಮೇಲೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿಯಿತು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ತೆತ್ಸುರೊ ಫುಜಿತ ಅವರ ತಂಡ ಕೀಟಗಳ ಮೈಮೇಲೆ ಬೆಳೆಯುವ ಒಂದು ಶಿಲೀಂಧ್ರವನ್ನು ಪರೀಕ್ಷಿಸುತ್ತಿತ್ತು. ಚೀನೀ ಮದ್ದಿನಲ್ಲಿ ಬಳಸುವ ಹುಳದ ಅಣಬೆಯ ಬಳಗದ್ದು. ಅದರಲ್ಲಿ ಮಿರಿಯೋಸಿನ್ ಎಂಬ ವಸ್ತು ಸಿಕ್ಕಿತು. ಅದು ರೋಗನಿರೋಧಕ ಶಕ್ತಿಯನ್ನು ಜೋರಾಗಿ ತಗ್ಗಿಸುತ್ತಿತ್ತು, ಆದರೆ ವಿಷಕಾರಿ. ಅದರ ರಚನೆಯನ್ನು ಸರಳ ಮಾಡುತ್ತಾ ಹೋಗಿ 1990ರ ದಶಕದಲ್ಲಿ ಎಫ್‌ಟಿವೈ720 ಎಂಬ ಅಣು ಮಾಡಿದರು. ಇದನ್ನು ಕೊಟ್ಟ ಇಲಿಗಳ ರಕ್ತದಲ್ಲಿ ಲಿಂಫೋಸೈಟ್‌ಗಳೇ (ಟಿ ಕೋಶ, ಬಿ ಕೋಶಗಳೇ) ಕಾಣೆಯಾದವು. ಸತ್ತಿರಲಿಲ್ಲ. ದುಗ್ಧಗ್ರಂಥಿಗಳ ಒಳಗೇ ಕೂತಿದ್ದವು. 2002ರಲ್ಲಿ ಗುಟ್ಟು ಬಯಲಾಯಿತು. ದೇಹ ಈ ಔಷಧಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಆಗ ಅದು ಎಸ್1ಪಿಯ ಹಾಗೆಯೇ ಗ್ರಾಹಕದ ಮೇಲೆ ಕೂರುತ್ತದೆ, ಅದನ್ನು ಮೊದಲು ಕೆರಳಿಸಿ ನಂತರ ಕೋಶದೊಳಗೆ ತಳ್ಳಿ ನಾಶ ಮಾಡಿಸುತ್ತದೆ. ದಾರಿ ಹಿಡಿಯುವ ಗ್ರಾಹಕವೇ ಹೋದ ಮೇಲೆ ಕೋಶ ಎಲ್ಲಿಗೆ ಹೋದೀತು? 2004ರಲ್ಲಿ ಕ್ಯಾಲಿಫೋರ್ನಿಯಾದ ಜೇಸನ್ ಸೈಸ್ಟರ್ ಅವರ ತಂಡ ಇಲಿಗಳಲ್ಲಿ ಆ ಒಂದು ಗ್ರಾಹಕವನ್ನು ತೆಗೆದು ಇದು ಸರಿ ಎಂದು ಖಚಿತಪಡಿಸಿತು.

ಮೊದಲು ಇದನ್ನು ಕಿಡ್ನಿ ಕಸಿಯವರಿಗೆ ಕೊಟ್ಟು ನೋಡಿದರು. ಆಗಲೇ ಇದ್ದ ಔಷಧಿಗಳಿಗಿಂತ ಹೆಚ್ಚೇನೂ ಲಾಭ ಸಿಗಲಿಲ್ಲ. ಆಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಬಂದರು. ಈ ಕಾಯಿಲೆಯಲ್ಲಿ ಟಿ ಕೋಶಗಳು ಮಿದುಳಿಗೆ ನುಗ್ಗಿ ನರಗಳ ಮೇಲಿನ ಹೊದಿಕೆಯನ್ನು ಹಾಳುಮಾಡುತ್ತವೆ. ಮಿದುಳಿಗೆ ಹೋಗುವ ದಳವನ್ನು ಗ್ರಂಥಿಯಲ್ಲೇ ತಡೆದರೆ? ಫಿಂಗೊಲಿಮೋಡ್ ಎಂಬ ಹೆಸರಿನಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ, ವರ್ಷಕ್ಕೆ ಕಾಯಿಲೆ ಮರುಕಳಿಸುವ ಸರಾಸರಿ 0.40ರಿಂದ 0.18ಕ್ಕೆ ಇಳಿಯಿತು. 2010ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ ಕಾಯಿಲೆಯ ದಾಳಿ ತಡೆಯಲು ಬರೀ ಇಂಜೆಕ್ಷನ್, ಡ್ರಿಪ್ಪುಗಳೇ ಇದ್ದವು. ಈ ಕಾಯಿಲೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ, ಬಾಯಿಯಿಂದ ನುಂಗುವ ಮೊದಲ ಔಷಧಿ ಇದೇ. ಅದರ ತಮ್ಮಂದಿರೂ ಬಂದಿದ್ದಾರೆ. ಒಜಾನಿಮೋಡ್ 2021ರಲ್ಲಿ, ಎಟ್ರಾಸಿಮೋಡ್ 2023ರಲ್ಲಿ ದೊಡ್ಡಕರುಳಿನ ಅಲ್ಸರೇಟಿವ್ ಕೊಲೈಟಿಸ್‌ಗೂ ಒಪ್ಪಿಗೆ ಪಡೆದವು.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಎಸ್1ಪಿ ಗ್ರಾಹಕ ಟಿ ಕೋಶದ ಮೇಲೆ ಮಾತ್ರ ಇಲ್ಲ, ಹೃದಯದಲ್ಲೂ ಇದೆ. ಹಾಗಾಗಿ ಫಿಂಗೊಲಿಮೋಡ್‌ನ ಮೊದಲ ಮಾತ್ರೆ ಕೊಟ್ಟಾಗ ನಾಡಿ ಬಡಿತ ಇಳಿಯಬಹುದು. ಆರು ಗಂಟೆ ಆಸ್ಪತ್ರೆಯಲ್ಲಿ ಕೂರಿಸಿ ನೋಡುತ್ತಾರೆ. ಸರ್ಪಸುತ್ತಿನಂಥ ಸೋಂಕಿನ ಭಯವೂ ಇರುತ್ತದೆ. ಒಂದೇ ಕೊಬ್ಬಿನಣುವಿಗೆ ಮೈಯಲ್ಲಿ ಹತ್ತು ಕಡೆ ಹತ್ತು ಕೆಲಸ. ಒಂದು ಕಡೆ ಹಿಡಿದೆಳೆದರೆ ಇನ್ನೊಂದು ಕಡೆ ಅಲುಗುತ್ತದೆ. ‘ಕೊಬ್ಬಿನಿಂದ ರೋಗನಿರೋಧಕ ಶಕ್ತಿ ಸರಿಮಾಡಿ’ ಎಂದು ಸಲೀಸಾಗಿ ಹೇಳುವವರಿಗೆ ಇದು ಗೊತ್ತಿದ್ದರೆ ಮಾತು ಸ್ವಲ್ಪ ಕಡಿಮೆಯಾಗುತ್ತಿತ್ತು.

ಸರಿ, ಅಮ್ಮನ ಕೀಲಿಗೆ ವಾಪಸ್ ಬರೋಣ.

ಇಲ್ಲಿಯವರೆಗೆ ಹೇಳಿದ್ದು ಸುದ್ದಿ ಒಯ್ಯುವ ಕೊಬ್ಬು. ಟಿ ಕೋಶದ ಮೈಯೇ ಕೊಬ್ಬಿನದು ಅಂದೆನಲ್ಲ, ಆ ಮೈಯ ಹದವೂ ಮುಖ್ಯ. ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಪಕ್ಕದಲ್ಲಿಟ್ಟ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಕೋಶದ ಪೊರೆಯಲ್ಲೂ ಹೀಗೆ ಗಟ್ಟಿ ಜಾಗ, ಸಡಿಲ ಜಾಗ ಇವೆ. ಕೊಲೆಸ್ಟ್ರಾಲ್ ಮತ್ತು ಸ್ಫಿಂಗೊಲಿಪಿಡ್‌ಗಳು ಸೇರಿದ ಗಟ್ಟಿ ಜಾಗಗಳನ್ನು ಲಿಪಿಡ್ ರಾಫ್ಟ್ ಅನ್ನುತ್ತಾರೆ. ಟಿ ಕೋಶ ಶತ್ರುವನ್ನು ಗುರುತಿಸಿದಾಗ ಅದರ ಗ್ರಾಹಕಗಳು ಒಂದುಗೂಡುವುದು ಇಂಥ ಜಾಗಗಳಲ್ಲೇ. ಲೂಪಸ್ ಎಂಬ ಇನ್ನೊಂದು ಸ್ವಯಂನಿರೋಧಕ ಕಾಯಿಲೆ ಇರುವವರ ಟಿ ಕೋಶಗಳಲ್ಲಿ ಇವು ಅತಿಯಾಗಿರುವುದನ್ನು ಲಂಡನ್ನಿನ ಎಲಿಜಬೆತ್ ಜ್ಯೂರಿ ಅವರ ತಂಡ ಕಂಡಿತು. ಗ್ಲೈಕೊಸ್ಫಿಂಗೊಲಿಪಿಡ್ ತಯಾರಿಕೆಯನ್ನು ತಡೆಯುವ ಔಷಧಿಯನ್ನು ಆ ಕೋಶಗಳಿಗೆ ಹಾಕಿದಾಗ ಅವುಗಳ ವರ್ತನೆ ಹದಕ್ಕೆ ಬಂತು. ಇದು ಪ್ರಯೋಗಶಾಲೆಯ ತಟ್ಟೆಯಲ್ಲಿ ಆದದ್ದು. ರೋಗಿಗೆ ಕೊಡುವ ಚಿಕಿತ್ಸೆಯಾಗಿಲ್ಲ.

ರುಮಟಾಯ್ಡ್‌ನಲ್ಲಿ ಕತೆ ಬೇರೆ ತರಹ ಇದೆ. ಕಾರ್ನೆಲಿಯಾ ವೆಯಾಂಡ್ ಮತ್ತು ಜೋರ್ಗ್ ಗೊರೊಂಜಿ ಅವರು ವರ್ಷಗಟ್ಟಲೆ ಈ ಕಾಯಿಲೆಯವರ ಟಿ ಕೋಶಗಳನ್ನು ತೆಗೆದು ನೋಡಿದ್ದಾರೆ. ಈ ಕೋಶಗಳು ಸಕ್ಕರೆಯನ್ನು ಸುಟ್ಟು ಶಕ್ತಿ ಮಾಡಿಕೊಳ್ಳುವುದು ಕಡಿಮೆ. ಅದನ್ನು ಕಟ್ಟುವ ಕೆಲಸಕ್ಕೆ ತಿರುಗಿಸುತ್ತವೆ. ಹೆಚ್ಚಾಗಿ ಕಟ್ಟುವುದು ಕೊಬ್ಬನ್ನು. ಕೋಶದೊಳಗೆ ಕೊಬ್ಬಿನ ಹನಿಗಳು ತುಂಬಿಕೊಳ್ಳುತ್ತವೆ, ಪೊರೆ ನೆರಿಗೆಗಟ್ಟುತ್ತದೆ, ಕೋಶ ಚುರುಕಾಗಿ ಕೀಲಿನ ಪದರದೊಳಗೆ ನುಗ್ಗುತ್ತದೆ. ಕೊಬ್ಬು ಕಟ್ಟುವ ಕಿಣ್ವವನ್ನು ತಡೆದಾಗ ಈ ನುಗ್ಗಾಟ ತಗ್ಗಿತು. 2017ರಲ್ಲಿ ಅವರು ಪ್ರಕಟಿಸಿದ ವಿಷಯ ಇದು. ಗಮನಿಸಿ, ಈ ಕೊಬ್ಬನ್ನು ಕೋಶ ಸಕ್ಕರೆಯಿಂದ ತಾನೇ ಮಾಡಿಕೊಂಡದ್ದು. ಯಾರೂ ತುಪ್ಪ ಬಡಿಸಿರಲಿಲ್ಲ.

2019ರಲ್ಲಿ ಅದೇ ಗುಂಪು ಇನ್ನೊಂದು ಎಳೆ ಹಿಡಿಯಿತು. ಎಎಂಪಿಕೆ ಎಂಬುದು ಕೋಶಕ್ಕೆ ‘ಶಕ್ತಿ ಕಡಿಮೆಯಿದೆ, ಕಟ್ಟುವುದು ಸಾಕು’ ಎಂದು ಹೇಳುವ ಪ್ರೊಟೀನು. ಅದು ಕೆಲಸ ಮಾಡಲು ಕೋಶದೊಳಗಿನ ಲೈಸೊಸೋಮ್ ಎಂಬ ಚೀಲದ ಪೊರೆಗೆ ಅಂಟಿಕೊಳ್ಳಬೇಕು. ಅಂಟಿಕೊಳ್ಳಲು ಅದಕ್ಕೆ ಮಿರಿಸ್ಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ಬಾಲ ಬೇಕು. ಈ ಕಾಯಿಲೆಯವರ ಟಿ ಕೋಶಗಳಲ್ಲಿ ಆ ಬಾಲ ಜೋಡಿಸುವ ಕಿಣ್ವ ಕಡಿಮೆ. ಈಗ, ಮಿರಿಸ್ಟಿಕ್ ಆಮ್ಲ ಜಾಕಾಯಿಯಲ್ಲಿ ಹೇರಳ, ತೆಂಗಿನೆಣ್ಣೆಯಲ್ಲೂ ಇದೆ. ಇಷ್ಟು ಓದಿದ ಯಾರಾದರೂ ನಾಳೆ ‘ದಿನಾ ತೆಂಗಿನೆಣ್ಣೆ ಕುಡಿಯಿರಿ, ಸಂಧಿವಾತ ಮಾಯ’ ಎಂದು ವಿಡಿಯೊ ಮಾಡಬಹುದು. ಕೊರತೆ ಇರುವುದು ಕಿಣ್ವದ್ದು, ಆಮ್ಲದ್ದಲ್ಲ. ಎಷ್ಟು ತೆಂಗಿನೆಣ್ಣೆ ಕುಡಿದರೂ ಕಿಣ್ವ ಬರುವುದಿಲ್ಲ. ಹಾಗೆಯೇ ತೆಂಗಿನಕಾಯಿ ಬಿಟ್ಟರೂ ಇಲ್ಲಿ ಏನೂ ಬದಲಾಗುವುದಿಲ್ಲ.

ಈಗ 98 ಮತ್ತು 114. ಉರಿಯೂತ ಜೋರಾಗಿರುವ ಸಂಧಿವಾತದಲ್ಲಿ ಕೊಲೆಸ್ಟ್ರಾಲ್ ಕಡಿಮೆ ಇರುತ್ತದೆ. ಆದರೂ ಅಂಥವರಿಗೆ ಹೃದಯಾಘಾತದ ಅಪಾಯ ಬೇರೆಯವರಿಗಿಂತ ಜಾಸ್ತಿ, ಸುಮಾರು ಒಂದೂವರೆ ಪಟ್ಟು. ಯುರೋಪಿನ ಸಂಧಿವಾತ ತಜ್ಞರ ಸಂಘವೂ ಅಪಾಯ ಲೆಕ್ಕ ಹಾಕಿದಾಗ ಬಂದ ಅಂಕಿಯನ್ನು 1.5ರಿಂದ ಗುಣಿಸಿ ಎಂದೇ ಹೇಳುತ್ತದೆ. ಕೊಲೆಸ್ಟ್ರಾಲ್ ಕಡಿಮೆ ಇದ್ದು ಅಪಾಯ ಹೆಚ್ಚು ಇರುವುದು ಮೊದಲು ವೈದ್ಯರಿಗೇ ತಲೆಕೆಟ್ಟ ವಿಷಯವಾಗಿತ್ತು. ಈಗ ಕಾರಣ ತಕ್ಕಮಟ್ಟಿಗೆ ಗೊತ್ತು. ಉರಿಯೂತ ಇದ್ದಾಗ ದೇಹ ಕೊಲೆಸ್ಟ್ರಾಲನ್ನು ಬೇಗ ಬೇಗ ಖರ್ಚು ಮಾಡುತ್ತದೆ. ಎಚ್‌ಡಿಎಲ್‌ನ ಮೈಮೇಲೆ ಸೀರಮ್ ಅಮಿಲಾಯ್ಡ್ ಎ ಎಂಬ ಉರಿಯೂತದ ಪ್ರೊಟೀನು ಬಂದು ಕೂರುತ್ತದೆ, ರಕ್ತನಾಳ ಕಾಯುವ ಅದರ ಗುಣ ಹೋಗುತ್ತದೆ. ಅಂದರೆ ಅಮ್ಮನ ಹಳೆಯ 98 ಆರೋಗ್ಯದ 98 ಆಗಿರಲಿಲ್ಲ. ಉರಿಯೂತ ತಿಂದು ಉಳಿಸಿದ 98.

ಟೋಫಾಸಿಟಿನಿಬ್ ಉರಿಯೂತ ಇಳಿಸುತ್ತದೆ. ಆ ಅತಿ ಖರ್ಚು ನಿಲ್ಲುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ಗುರುತು ಹಚ್ಚಿದ ಅಣುಗಳ ಮೂಲಕ ಅಳೆದು ಇದನ್ನೇ ಕಂಡರು. ಏರಿಕೆ ಮೊದಲ ಕೆಲವು ವಾರಗಳಲ್ಲಿ ಆಗಿ ನಂತರ ನಿಲ್ಲುತ್ತದೆ. ಎಚ್‌ಡಿಎಲ್ ಕೂಡ ಜೊತೆಗೆ ಏರುತ್ತದೆ. ಅಮ್ಮನ ರಿಪೋರ್ಟಿನಲ್ಲಿ ಅದನ್ನೂ ನೋಡಿ. ಟೋಸಿಲಿಜುಮಾಬ್ ಎಂಬ ಇಂಜೆಕ್ಷನ್ ಕೊಟ್ಟಾಗಲೂ ಹೀಗೇ ಎಲ್‌ಡಿಎಲ್ ಏರುತ್ತದೆ. ಅದನ್ನು ಎಟನರ್ಸೆಪ್ಟ್ ಎಂಬ ಇನ್ನೊಂದು ಇಂಜೆಕ್ಷನ್ ಜೊತೆ ಹೋಲಿಸಿದ ದೊಡ್ಡ ಪರೀಕ್ಷೆಯಲ್ಲಿ ಎಲ್‌ಡಿಎಲ್ ಹೆಚ್ಚಿದ್ದರೂ ಹೃದಯಾಘಾತ, ಲಕ್ವಗಳು ಗಮನಾರ್ಹವಾಗಿ ಹೆಚ್ಚಲಿಲ್ಲ.

ಹಾಗಂತ ನಿಶ್ಚಿಂತೆಯಿಂದ ಮಲಗಿ ಎನ್ನಲಾರೆ. ಮಾವನವರ ಆತಂಕಕ್ಕೆ ಕಾರಣ ಇದೆ ಅಂದೆನಲ್ಲ, ಅದು ಇಲ್ಲಿದೆ. 2022ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 50 ದಾಟಿದ, ಹೃದಯಕ್ಕೆ ಸಂಬಂಧಿಸಿದ ಕನಿಷ್ಠ ಒಂದು ಅಪಾಯ ಇದ್ದ 4,362 ಸಂಧಿವಾತ ರೋಗಿಗಳನ್ನು ಸುಮಾರು ನಾಲ್ಕು ವರ್ಷ ನೋಡಿದರು. ಹೃದಯಾಘಾತ, ಲಕ್ವದಂಥ ದೊಡ್ಡ ತೊಂದರೆ ಟೋಫಾಸಿಟಿನಿಬ್ ತಗೊಂಡವರಲ್ಲಿ 3.4 ಶೇಕಡಾ, ಟಿಎನ್‌ಎಫ್ ಎಂಬ ಉರಿಯೂತದ ಪ್ರೊಟೀನನ್ನು ತಡೆಯುವ ಇಂಜೆಕ್ಷನ್ ತಗೊಂಡವರಲ್ಲಿ 2.5 ಶೇಕಡಾ. ಕ್ಯಾನ್ಸರ್ ಕೂಡ ಸ್ವಲ್ಪ ಜಾಸ್ತಿ ಕಂಡಿತು. ಅಮ್ಮನಿಗೆ 54, ಬಿಪಿ ಇದೆ. ಅಂದರೆ ಅವರು ಈ ಗುಂಪಿಗೆ ಸೇರುತ್ತಾರೆ. ನಮ್ಮಲ್ಲಿ ಟೋಫಾಸಿಟಿನಿಬ್‌ಗೆ ಜೆನೆರಿಕ್ ಬಂದ ಮೇಲೆ ಇಂಜೆಕ್ಷನ್‌ಗಳಿಗಿಂತ ತುಂಬಾ ಅಗ್ಗವಾಗಿದೆ, ಹಾಗಾಗಿ ಬಹಳ ಜನರಿಗೆ ಇದನ್ನೇ ಬರೆಯುತ್ತಾರೆ. ಅದು ಅರ್ಥವಾಗುವ ವಿಷಯ. ಆದರೆ ಈ ಲೆಕ್ಕವನ್ನು ನಿಮ್ಮ ಡಾಕ್ಟರು ನಿಮ್ಮ ಎದುರು ಒಂದು ಸಲ ಹಾಕಬೇಕು. ಕೀಲು ಉಳಿಯುವುದರ ಲಾಭ ಎಷ್ಟು, ಅಪಾಯ ಎಷ್ಟು, ಬೇರೆ ಔಷಧಿ ಕೈಗೆಟುಕುತ್ತದಾ, ಬಿಪಿ ಹತೋಟಿಯಲ್ಲಿದೆಯಾ, ಸ್ಟ್ಯಾಟಿನ್ ಬೇಕಾ. ಕೇಳಲು ಸಂಕೋಚ ಬೇಡ.

ಸ್ಟ್ಯಾಟಿನ್ ಅಂದಾಗ ಒಂದು ಮಾತು. ಅದು ಕೊಲೆಸ್ಟ್ರಾಲ್ ಇಳಿಸುವ ಜೊತೆಗೆ ಉರಿಯೂತವನ್ನೂ ಇಳಿಸಬಹುದು ಎಂಬ ಆಸೆ ಇತ್ತು. 2004ರಲ್ಲಿ ಪ್ರಕಟವಾದ ಗ್ಲಾಸ್ಗೊದ ಪರೀಕ್ಷೆಯಲ್ಲಿ 116 ಸಂಧಿವಾತ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಆರು ತಿಂಗಳು ಅಟೋರ್ವಾಸ್ಟ್ಯಾಟಿನ್ 40 ಮಿಲಿಗ್ರಾಂ, ಉಳಿದವರಿಗೆ ಔಷಧಿಯಿಲ್ಲದ ಹುಸಿಮಾತ್ರೆ ಕೊಟ್ಟರು. ಸ್ಟ್ಯಾಟಿನ್ ತಗೊಂಡವರಲ್ಲಿ ಕೀಲಿನ ಊತ ಇಳಿಯಿತು, ಆದರೆ ಸ್ವಲ್ಪವೇ. ಕೀಲಿಗೆಂದು ಅದನ್ನು ಯಾರೂ ಬರೆಯುವುದಿಲ್ಲ. ಹೃದಯಕ್ಕೆಂದು ಬರೆದರೆ ಬೇಡ ಅನ್ನಬೇಡಿ.

ಕೊನೆಗೆ ಅಡುಗೆಮನೆ. ತುಪ್ಪ ತಿಂದದ್ದರಿಂದ ರುಮಟಾಯ್ಡ್ ಕೆರಳುತ್ತದೆ ಎನ್ನಲು ಆಧಾರ ಇಲ್ಲ. ಹೃದಯದ ಲೆಕ್ಕದಲ್ಲಿ ಮಿತಿ ಬೇಕು, ಅದು ಬಿಪಿ ಇರುವ ಎಲ್ಲರಿಗೂ ಬೇಕು. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ, ಪಲ್ಯಕ್ಕೆ ಒಂದಿಷ್ಟು ಕಾಯಿತುರಿ ಹಾಕಿದರೆ ಕೀಲಿಗೆ ಏನೂ ಆಗುವುದಿಲ್ಲ. ಅಮ್ಮ ಆಮೇಲೆ ಊಟವೇ ಸೇರದೆ ಸೊರಗಿದರೆ ಅದು ತೊಂದರೆ.

ಒಮೆಗಾ-3ಗೆ ಮಾತ್ರ ಸ್ವಲ್ಪ ಬಲ ಇದೆ. ಅರಾಕಿಡೋನಿಕ್ ಆಮ್ಲ ಕೂತಿರುವ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಆಗ ಕೆರಳಿಸುವ ಅಣುಗಳು ಕಡಿಮೆ ತಯಾರಾಗುತ್ತವೆ. ಇದಕ್ಕೆ ವಾರಗಳು, ತಿಂಗಳುಗಳು ಬೇಕು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹೊಸದಾಗಿ ಸಂಧಿವಾತ ಬಂದವರಿಗೆ ಮೂರು ಔಷಧಿಗಳ ಜೊತೆಗೆ ದಿನಕ್ಕೆ 5.5 ಗ್ರಾಂ ಒಮೆಗಾ-3 ಕೊಟ್ಟು ನೋಡಿದರು. 0.4 ಗ್ರಾಂ ತಗೊಂಡವರಿಗಿಂತ ಇವರಲ್ಲಿ ಔಷಧಿ ವಿಫಲವಾಗುವುದು ಕಡಿಮೆಯಾಯಿತು. ಆದರೆ ಪ್ರಮಾಣ ನೋಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನ್ಯ 1,000 ಮಿಲಿಗ್ರಾಂ ಮೀನೆಣ್ಣೆ ಕ್ಯಾಪ್ಸೂಲಿನಲ್ಲಿ ಕೆಲಸಕ್ಕೆ ಬರುವ ಇಪಿಎ, ಡಿಎಚ್‌ಎ ಎಂಬ ಎರಡು ಒಮೆಗಾ-3ಗಳು ಸೇರಿ ಇರುವುದು 300 ಮಿಲಿಗ್ರಾಂ. ಸಂಧಿವಾತಕ್ಕೆ ಸಾಮಾನ್ಯವಾಗಿ ಹೇಳುವ 3 ಗ್ರಾಂ ಆಗಬೇಕಾದರೆ ದಿನಕ್ಕೆ ಹತ್ತು ಕ್ಯಾಪ್ಸೂಲ್ ನುಂಗಬೇಕು. ದಿನಕ್ಕೊಂದು ನುಂಗಿ ‘ಮೀನೆಣ್ಣೆ ಕೆಲಸ ಮಾಡಲಿಲ್ಲ’ ಎಂದು ಬರುವವರೇ ಜಾಸ್ತಿ. ಹೆಚ್ಚು ಪ್ರಮಾಣಕ್ಕೆ ಹೋದರೆ ಕೆಲವರಲ್ಲಿ ಎದೆಬಡಿತದ ಲಯ ತಪ್ಪುವ ಅಪಾಯವೂ ಇದೆ. ಬಿಪಿ ಇರುವ ಅಮ್ಮನ ವಿಷಯದಲ್ಲಿ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಕರಾವಳಿಯವರಾಗಿದ್ದರೆ ವಾರಕ್ಕೆ ಎರಡು ಮೂರು ಸಲ ಬಂಗುಡೆ, ಬೂತಾಯಿ ತಿನ್ನಿ ಅನ್ನುತ್ತಿದ್ದೆ.

ಅಗಸೆಯಲ್ಲಿರುವ ಒಮೆಗಾ-3 ಬೇರೆ ರೂಪದ್ದು. ದೇಹ ಅದನ್ನು ಇಪಿಎ ಆಗಿ ಬದಲಿಸಬೇಕು. ನೂರಕ್ಕೆ ಕೆಲವೇ ಭಾಗ ಬದಲಾಗುತ್ತದೆ, ಡಿಎಚ್‌ಎ ಆಗುವುದು ಇನ್ನೂ ಕಡಿಮೆ. ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿ ರೊಟ್ಟಿಗೆ ಸೊಗಸು, ನಾರೂ ಸಿಗುತ್ತದೆ, ಧಾರಾಳವಾಗಿ ತಿನ್ನಲಿ. ಔಷಧಿ ಎಂದು ಲೆಕ್ಕ ಹಾಕಬೇಡಿ. ಮೀನು ಬೇಡದವರಿಗೆ ಪಾಚಿಯಿಂದ ತೆಗೆದ ಡಿಎಚ್‌ಎ, ಇಪಿಎ ಕ್ಯಾಪ್ಸೂಲ್ ಸಿಗುತ್ತದೆ, ದುಬಾರಿ.

ಇನ್ನೊಂದು ಕೊಬ್ಬಿನಣುವನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ವಿಟಮಿನ್ ಡಿ. ಇದನ್ನೂ ದೇಹ ಕೊಲೆಸ್ಟ್ರಾಲ್ ಬಳಗದಿಂದಲೇ ಬಿಸಿಲಿನಲ್ಲಿ ಮಾಡಿಕೊಳ್ಳುತ್ತದೆ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಎಂಬ ಪರೀಕ್ಷೆಯಲ್ಲಿ ಐದು ವರ್ಷಕ್ಕೂ ಮಿಕ್ಕಿ ದಿನಕ್ಕೆ 2,000 ಯೂನಿಟ್ ತಗೊಂಡವರಲ್ಲಿ ಹೊಸದಾಗಿ ಸ್ವಯಂನಿರೋಧಕ ಕಾಯಿಲೆ ಬರುವುದು ಶೇಕಡಾ 22ರಷ್ಟು ಕಡಿಮೆಯಾಯಿತು. ಅದೇ ಪರೀಕ್ಷೆಯಲ್ಲಿ ದಿನಕ್ಕೆ 1 ಗ್ರಾಂ ಒಮೆಗಾ-3 ಕೊಟ್ಟ ಗುಂಪಿನ ಲಾಭ ಖಚಿತವಾಗಿ ಹೇಳುವಷ್ಟು ಇರಲಿಲ್ಲ. ಇವರೆಲ್ಲ 50 ದಾಟಿದವರು, ಮತ್ತು ಇದು ಕಾಯಿಲೆ ಬಾರದಂತೆ ತಡೆಯುವ ಮಾತು. ಬಂದ ಕಾಯಿಲೆಯನ್ನು ವಾಸಿ ಮಾಡಿದ್ದಲ್ಲ. ಆದರೆ ಅಮ್ಮ ಸ್ಟೀರಾಯ್ಡ್ ತಗೊಳ್ಳುತ್ತಿದ್ದರೆ ಮೂಳೆಗಾಗಿಯಾದರೂ ಡಿ ಮಟ್ಟ ನೋಡಿಸಿ.

ಮುಂದಿನ ಭೇಟಿಗೆ ಹೋಗುವಾಗ ಟೋಫಾಸಿಟಿನಿಬ್ ಶುರುವಾಗುವ ಮುಂಚಿನ ಮತ್ತು ಈಗಿನ ಲಿಪಿಡ್ ರಿಪೋರ್ಟ್ ಎರಡನ್ನೂ, ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ. ಎಲ್‌ಡಿಎಲ್ ಏರಿದ ಹೊತ್ತಿಗೇ ಸಿಆರ್‌ಪಿ ಇಳಿದಿದೆಯಾ ಎಂದು ಅಲ್ಲೇ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ಬಿಪಿ ನೋಡಿ ಬರೆದಿಟ್ಟಿರಿ. ಸರ್ಪಸುತ್ತಿನ ಲಸಿಕೆ ಹಾಕಿಸಬೇಕಾ ಎಂದೂ ಕೇಳಿ, ಟೋಫಾಸಿಟಿನಿಬ್ ತಗೊಳ್ಳುವವರಲ್ಲಿ ಅದು ಬರುವ ಸಾಧ್ಯತೆ ಹೆಚ್ಚು.